ಕಣ್ಣಿಗೆ ಕಾಣದ ವಿಷಗಾಳಿ: ಅಳೆಯುವ ಬಗೆ, ತಪ್ಪಿಸಿಕೊಳ್ಳುವ ಬಗೆ



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಗೋವಿನಜೋಳದ ಸುಗ್ಗಿ ಮುಗಿದು ಚಳಿ ಬಿದ್ದಿತೆಂದರೆ ಎರಡು ಕಡೆ ಬೆಂಕಿ ಕಾಣುತ್ತದೆ. ಒಂದು, ಹೊಲದಲ್ಲಿ ದಂಟು, ರವದಿ, ಹತ್ತಿ ಕಟ್ಟಿಗೆ ಸುಡುವ ಬೆಂಕಿ. ಇನ್ನೊಂದು, ಮನೆಯಲ್ಲಿ ಮೈ ಕಾಯಿಸಲು ಇಟ್ಟ ಅಗ್ಗಿಷ್ಟಿಗೆ, ಬಾಣಂತಿಯ ಹೊರಸಿನ ಕೆಳಗಿನ ಕೆಂಡ. ಈ ಎರಡೂ ಬೆಂಕಿಗಳಿಂದ ಹುಟ್ಟುವ ಒಂದು ಗಾಳಿಯ ವಿಷಯ ಈ ಹೊತ್ತು ಮಾತಾಡೋಣ. ಅದರ ಹೆಸರು ಕಾರ್ಬನ್ ಮಾನಾಕ್ಸೈಡ್.

ಬೆಂಕಿಗೆ ಸಾಕಷ್ಟು ಗಾಳಿ ಸಿಗದೆ ಉರಿ ಅರೆಬರೆಯಾದಾಗ ಈ ಅನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವದಿಲ್ಲ, ಕೆಮ್ಮು ಬರುವದಿಲ್ಲ. ಹೊಗೆ ಬಂದರೆ ನಾವು ಎದ್ದು ಬಾಗಿಲು ತೆರೆಯುತ್ತೇವೆ. ಇದು ಬಂದದ್ದು ಗೊತ್ತೇ ಆಗುವದಿಲ್ಲ.

ಹಾಗಾದರೆ ಇದು ಗಾಳಿಯಲ್ಲಿ ಎಷ್ಟಿದೆ ಎಂದು ಹೇಗೆ ತಿಳಿಯುತ್ತಾರೆ? ಇದಕ್ಕೆ ಒಂದು ಉದಾಹರಣೆ ನಮ್ಮ ಸಮೀಪದಲ್ಲಿಯೇ ಉಂಟು. ಕಾರವಾರ ದಾಟಿ ಗೋವೆಯಲ್ಲಿ ಸಮುದ್ರದ ದಂಡೆಗೆ ಕಾಬೊ ದ ರಾಮ ಎಂಬ ಭೂಶಿರವಿದೆ. ನೇರ ಗೆರೆ ಎಳೆದರೆ ಹಾನಗಲ್ಲಿನಿಂದ ಒಂದೂವರೆ ನೂರು ಕಿಲೋಮೀಟರಿನೊಳಗೇ ಬರುತ್ತದೆ. ಅಲ್ಲಿ 1993ರಿಂದ 2002ರ ವರೆಗೆ ವಿಜ್ಞಾನಿಗಳು ಗಾಜಿನ ಶೀಶೆಗಳಲ್ಲಿ ಗಾಳಿಯನ್ನು ತುಂಬಿಕೊಂಡರು. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯ, ಗೋವೆಯ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ, ಆಸ್ಟ್ರೇಲಿಯಾದ ಸಿ.ಎಸ್.ಐ.ಆರ್.ಒ. ಸಂಸ್ಥೆ ಕೂಡಿ ಮಾಡಿದ ಕೆಲಸವಿದು.

ಗಾಳಿ ತುಂಬುವದು ಅಂದರೇನು, ಶೀಶೆ ತೆರೆದು ಮುಚ್ಚಿದರೆ ಆಯಿತಲ್ಲ ಅಂತೀರಿ. ಅಷ್ಟು ಸುಲಭವಲ್ಲ. ಸಮೀಪದ ಒಲೆಯ ಹೊಗೆ, ಮೋಟಾರಿನ ಹೊಗೆ ಅದರಲ್ಲಿ ಸೇರಬಾರದು. ಪಂಪಿನಿಂದ ಶೀಶೆಯೊಳಗೆ ಬಹಳ ಹೊತ್ತು ಗಾಳಿ ಹಾಯಿಸಿ, ಒಳಗಿದ್ದ ಹಳೆಯ ಗಾಳಿಯನ್ನೆಲ್ಲ ಹೊರಗೆ ಹಾಕಬೇಕು. ಗಾಳಿಯ ತೇವ ತೆಗೆಯಬೇಕು. ಬಿಗಿಯಾಗಿ ಮುಚ್ಚಿ, ದಿನ, ವೇಳೆ, ಗಾಳಿ ಬೀಸಿದ ದಿಕ್ಕು ಬರೆದಿಡಬೇಕು.

ಪ್ರಯೋಗಾಲಯದಲ್ಲಿ ಶೀಶೆಯ ಗಾಳಿಯನ್ನು ಸ್ವಲ್ಪವೇ ತೆಗೆದು ಒಂದು ಉದ್ದನೆಯ ಸಣ್ಣ ನಳಿಗೆಯಲ್ಲಿ ಹಾಯಿಸುತ್ತಾರೆ. ಒಂದೊಂದು ಅನಿಲ ಒಂದೊಂದು ಹೊತ್ತಿಗೆ ಹೊರಬೀಳುತ್ತದೆ. ನಮಗೆ ಬೇಕಾದ ಅನಿಲ ಬಂದಾಗ ಅದನ್ನು ಕಾಯಿಸಿದ ಪಾದರಸದ ಆಕ್ಸೈಡಿನ ಮೇಲೆ ಬಿಡುತ್ತಾರೆ. ಅದು ಅಲ್ಲಿಯ ಆಮ್ಲಜನಕವನ್ನು ಕಸಿದುಕೊಳ್ಳುತ್ತದೆ, ಪಾದರಸ ಆವಿಯಾಗಿ ಏಳುತ್ತದೆ. ಆ ಆವಿಯ ಮೂಲಕ ಬೆಳಕು ಹಾಯಿಸಿ, ಬೆಳಕು ಎಷ್ಟು ಮಂದವಾಯಿತು ಎಂಬುದರಿಂದ ಅನಿಲ ಎಷ್ಟಿತ್ತೆಂದು ಲೆಕ್ಕ ಹಾಕುತ್ತಾರೆ. ಸಂತೆಯಲ್ಲಿ ತಕ್ಕಡಿಯನ್ನು ಮುದ್ರೆಯ ತೂಕದ ಕಲ್ಲಿಟ್ಟು ನೋಡುವಂತೆ, ಪ್ರಮಾಣ ಗೊತ್ತಿದ್ದ ಗಾಳಿಯನ್ನು ಮೊದಲು ಹಾಯಿಸಿ ಯಂತ್ರವನ್ನು ಪರೀಕ್ಷಿಸುತ್ತಾರೆ. ಈಗ ಲೇಸರ್ ಬೆಳಕಿನಿಂದ ಅಳೆಯುವ ಯಂತ್ರಗಳೂ ಬಂದಿವೆ.

ಹೀಗೆ ಅಳೆದಾಗ ಸಿಗುವ ಪ್ರಮಾಣ ಎಷ್ಟು ಸಣ್ಣದು ನೋಡಿರಿ. ಊರ ಹೊಗೆ ತಾಗದ ಬಯಲು ಗಾಳಿಯಲ್ಲಿ ಕೋಟಿ ಪಾಲಿಗೆ ಸುಮಾರು ಒಂದು ಪಾಲು ಇರುತ್ತದೆ. ಕೋಟಿ ಕಾಳು ಜೋಳ ಅಂದರೆ ಸುಮಾರು ಮೂರು ಕ್ವಿಂಟಲ್. ಮೂರು ಕ್ವಿಂಟಲ್ ಜೋಳದಲ್ಲಿ ಒಂದೇ ಒಂದು ಬೇರೆ ಕಾಳನ್ನು ಹುಡುಕಿದಂತೆ ಈ ಕೆಲಸ.

ಕಾಬೊ ದ ರಾಮದ ಶೀಶೆಗಳು ಏನು ಹೇಳಿದವು? ಮುಂಗಾರಿನಲ್ಲಿ ಗಾಳಿ ಕಡಲಿನಿಂದ ಬೀಸುವಾಗ ಈ ಅನಿಲ ಕಡಿಮೆ. ಚಳಿಗಾಲದಲ್ಲಿ ಗಾಳಿ ನೆಲದ ಕಡೆಯಿಂದ ಕಡಲಿಗೆ ಹೊರಳಿದಾಗ ಹೆಚ್ಚು. ನೆಲದ ಮೇಲಿನ ಒಲೆ, ಮೋಟಾರು, ಕಾರಖಾನೆ, ಹೊಲದ ಬೆಂಕಿ ಇವೆಲ್ಲವುಗಳ ಉಸಿರು ಅದರಲ್ಲಿ ಕೂಡಿರುತ್ತದೆ. ಈ ಅನಿಲ ಗಾಳಿಯಲ್ಲಿ ಸುಮಾರು ಎರಡು ತಿಂಗಳು ಉಳಿಯುತ್ತದೆ. ನಮ್ಮ ಬದುವಿನಲ್ಲಿ ಹಚ್ಚಿದ ಬೆಂಕಿ ಸಂಜೆಗೆ ಆರಿದರೂ ಅದರ ಗಾಳಿ ದೇಶ ದಾಟಿ ಹೋಗುತ್ತದೆ. ಬಿಸಿಲಿನಲ್ಲಿ ಹೊಗೆಯ ಬೇರೆ ಅನಿಲಗಳೊಡನೆ ಕೂಡಿ ನೆಲಮಟ್ಟದಲ್ಲಿ ಓಝೋನ್ ಎಂಬುದನ್ನು ಹುಟ್ಟಿಸುತ್ತದೆ. ಅದು ಬೆಳೆಯ ಎಲೆಗೂ ಕೆಡಕು, ನಮ್ಮ ಎದೆಗೂ ಕೆಡಕು.

ಬಯಲಲ್ಲಿ ಕೋಟಿಗೆ ಒಂದು ಪಾಲು ಇದ್ದರೆ ಉಸಿರಿಗೆ ಅಪಾಯವಿಲ್ಲ. ಆದರೆ ಇದೇ ಅನಿಲ ಮುಚ್ಚಿದ ಕೋಣೆಯಲ್ಲಿ ಏನು ಮಾಡೀತು? ಕೋಟಿಗೆ ಎರಡು ಸಾವಿರ ಪಾಲು ಆಯಿತೆಂದರೆ ಎರಡು ಮೂರು ತಾಸಿನಲ್ಲಿ ತಲೆನೋವು ಶುರುವಾಗುತ್ತದೆ. ಹದಿನಾರು ಸಾವಿರಕ್ಕೆ ಏರಿದರೆ ಎರಡು ತಾಸಿನೊಳಗೆ ಪ್ರಾಣವೇ ಹೋಗಬಹುದು. ಯಾಕಂದರೆ ನಮ್ಮ ರಕ್ತ ಆಮ್ಲಜನಕಕ್ಕಿಂತ ಈ ಅನಿಲವನ್ನು ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಉಸಿರು ಆಡುತ್ತಿದ್ದರೂ ಮೈಗೆ ಆಮ್ಲಜನಕ ಮುಟ್ಟುವದಿಲ್ಲ. ಮಲಗಿದವರು ನಿದ್ದೆಯಲ್ಲಿಯೇ ಎಚ್ಚರ ತಪ್ಪುತ್ತಾರೆ.

ತಾಯಂದಿರೆ, ನೀವು ಹೇಳುವ ಮಾತು ನನಗೆ ಗೊತ್ತು. “ಹೊಗಿ ಎಲ್ಲಾ ಹೋಗಿ ಕೆಂಡ ನಿಗಿನಿಗಿ ಆದಮ್ಯಾಲೇ ಒಳಗ ತರತೀವಿ, ಮತ್ತೇನು ಅಂಜಿಕಿ?” ಅಂತೀರಿ. ಅಂಜಿಕೆ ಇರುವದು ಅಲ್ಲಿಯೇ. ಹೊಗೆ ಹೋದರೂ ಕೆಂಡದಿಂದ ಈ ಅನಿಲ ಬರುತ್ತಲೇ ಇರುತ್ತದೆ. ಹೊಗೆ ಇಲ್ಲವೆಂದರೆ ವಿಷ ಇಲ್ಲವೆಂದಲ್ಲ. ಬಾಣಂತಿಗೆ ಗಾಳಿ ತಾಗಬಾರದೆಂದು ಕಿಟಕಿ, ಬಾಗಿಲು, ಸಂದು ಎಲ್ಲ ಮುಚ್ಚಿ, ಹೊರಸಿನ ಕೆಳಗೆ ಕೆಂಡ ಇಡುವದು ಅವಳ ಮೇಲಿನ ಮಾಯೆಯಿಂದಲೇ. ಆದರೆ ತಾಯಿಗೂ ಕೂಸಿಗೂ ಅದರಿಂದಲೇ ಗಂಡಾಂತರ. ಹೊಟ್ಟೆಯಲ್ಲಿದ್ದ ಕೂಸಿಗಂತೂ ಈ ಅನಿಲ ಇನ್ನೂ ಕೆಟ್ಟದ್ದು. ಕಾಯಿಸಿದ ಬಟ್ಟೆ, ಬಿಸಿನೀರಿನ ಚೀಲ, ದಪ್ಪ ಕೌದಿ ಇವುಗಳಿಂದಲೂ ಬೆಚ್ಚಗೆ ಇಡಬಹುದಲ್ಲವೆ?

ವಿಜ್ಞಾನಿಗಳ ಹತ್ತಿರ ಶೀಶೆ ಇದೆ, ಯಂತ್ರ ಇದೆ. ನಮ್ಮ ಮನೆಯಲ್ಲಿ ಇಲ್ಲ. ಮೂಗು ಅಳೆಯಲಾರದ ವಿಷಕ್ಕೆ ಕಟ್ಟುನಿಟ್ಟಿನ ನೇಮವೇ ಮದ್ದು. ಆ ನೇಮಗಳಿವು:

ಒಂದು: ಮಲಗುವ ಕೋಣೆಯೊಳಗೆ ಅಗ್ಗಿಷ್ಟಿಗೆ, ಕೆಂಡ ಇಡಬೇಡಿರಿ.

ಎರಡು: ಅಡಿಗೆಮನೆಗೆ ಹೊಗೆ ಹೋಗುವ ಕೊಳವೆಯೂ ಇರಲಿ, ಎದುರಿಗೆ ಕಿಟಕಿಯೂ ಇರಲಿ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದನ್ನು ಗಾಳಿಯಾಡುವ ಹೊರಗಡೆ ಕೂಡಿಸಿರಿ.

ಮೂರು: ಡೀಸೆಲ್ ಎಂಜಿನ್, ಜನರೇಟರುಗಳನ್ನು ಬಾವಿಯೊಳಗೆ ಇಳಿಸಿ ಅಥವಾ ಮುಚ್ಚಿದ ಶೆಡ್ಡಿನಲ್ಲಿಟ್ಟು ನಡೆಸಬೇಡಿರಿ.

ನಾಲ್ಕು: ಕೋಣೆಯಲ್ಲಿದ್ದವರಿಗೆಲ್ಲ ಒಮ್ಮೆಲೇ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಇದರದೇ ಸಂಶಯ ಪಡಿರಿ. ಬಾಗಿಲು ತೆರೆದು ಎಲ್ಲರನ್ನೂ ಬಯಲಿಗೆ ತನ್ನಿರಿ. 108ಕ್ಕೆ ಫೋನು ಮಾಡಿ, ಕೆಂಡ ಇಟ್ಟಿದ್ದೆವೆಂದು ವೈದ್ಯರಿಗೆ ಮುಚ್ಚಿಡದೆ ಹೇಳಿರಿ. ಬೇಗ ಆಮ್ಲಜನಕ ಕೊಟ್ಟರೆ ಪ್ರಾಣ ಉಳಿದೀತು.

ಐದು: ಹೊಲದ ದಂಟಿಗೆ ಬೆಂಕಿ ಹಚ್ಚಬೇಡಿರಿ. ದನಕ್ಕೆ ಆಗುವದನ್ನು ಮೇವಿಗೆ ಇಡಿರಿ. ಉಳಿದದ್ದನ್ನು ಕತ್ತರಿಸಿ ತಿಪ್ಪೆಗುಂಡಿಗೆ ಹಾಕಿರಿ, ಇಲ್ಲವೆ ಮಣ್ಣಿಗೆ ಸೇರಿಸಿರಿ. ಸುಟ್ಟರೆ ದಂಟಿನಲ್ಲಿದ್ದ ಸಾರಜನಕ ಗಾಳಿಗೆ ಹೋಗುತ್ತದೆ. ಅದನ್ನೇ ಮತ್ತೆ ಯೂರಿಯಾ ಚೀಲದಲ್ಲಿ ರೊಕ್ಕ ಕೊಟ್ಟು ತರಬೇಕು.

ಬಾಂಧವರೆ, ಈ ರಾತ್ರಿ ಮಲಗುವ ಮೊದಲು ಒಂದು ಸಲ ಮನೆಯೊಳಗೆ ತಿರುಗಿ ನೋಡಿರಿ. ಎಲ್ಲಿಯಾದರೂ ಕೆಂಡ ಇದ್ದರೆ ಅಂಗಳಕ್ಕೆ ತಂದು ನೀರು ಹೊಯ್ದು ಆರಿಸಿ, ಆಮೇಲೆ ಕದ ಹಾಕಿಕೊಳ್ಳಿರಿ.