ಅಂಕಿತವಿಡದ ಅರಸ



ಮೈಕ್ ಬಾರ್ಟ್ಲೆಟ್ ಅವರ ‘ಕಿಂಗ್ ಚಾರ್ಲ್ಸ್ III’ ನಾಟಕವು 2014ರಲ್ಲಿ ಲಂಡನ್ನಿನ ರಂಗವೇರಿದಾಗ ರಾಣಿ ಎಲಿಜಬೆತ್ ಇನ್ನೂ ಸಿಂಹಾಸನದಲ್ಲಿದ್ದರು. ನಾಟಕದೊಳಗಿನ ಚಾರ್ಲ್ಸ್ ಪಟ್ಟವೇರಿದೊಡನೆ, ಪತ್ರಿಕಾ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ಮಸೂದೆಗೆ ಅಂಕಿತ ನಿರಾಕರಿಸುತ್ತಾನೆ. ಬಳಿಕ ಸಂಸತ್ತನ್ನೇ ವಿಸರ್ಜಿಸುತ್ತಾನೆ. ಪ್ರೇಕ್ಷಕರ ಮುಂದಿರುವ ಪ್ರಶ್ನೆ ಒಂದೇ: ಉದ್ದೇಶವು ನ್ಯಾಯವಾದರೆ ಅಧಿಕಾರವೂ ನ್ಯಾಯವಾಗುವುದೇ? ಹೌದೆನ್ನುವವರು ಅರಸನ ಆತ್ಮಸಾಕ್ಷಿಯನ್ನು ನೋಡುತ್ತಾರೆ; ಅಲ್ಲವೆನ್ನುವವರು ಮತಪೆಟ್ಟಿಗೆಯನ್ನು.

ಬ್ರಿಟನ್ನಿನಲ್ಲಿ ಅಂಕಿತ ಕೊನೆಯದಾಗಿ ನಿರಾಕೃತವಾದುದು 1708ರಲ್ಲಿ. ನಮ್ಮಲ್ಲಿಯಾದರೋ ಸಂವಿಧಾನದ 200ನೆಯ ವಿಧಿಯ ಆಸರೆಯಲ್ಲಿ ಶಾಸನಸಭೆಯ ಮಸೂದೆಗಳು ರಾಜ್ಯಪಾಲರ ಮೇಜಿನ ಮೇಲೆ ತಿಂಗಳುಗಟ್ಟಲೆ ಕಾದದ್ದುಂಟು. ಆದುದರಿಂದ ಇದು ಪರದೇಶದ ಕಥೆಯಲ್ಲ. ಕೆಟ್ಟ ಕಾನೂನನ್ನು ತಡೆಯುವ ಹೊಣೆ ಮತದಾರರಾದ ನಮ್ಮದು. ಇಂದು ಒಳಿತಿಗಾಗಿ ತಡೆಹಿಡಿದ ಲೇಖನಿ ನಾಳೆ ಕೆಡುಕಿಗಾಗಿಯೂ ತಡೆಹಿಡಿಯಬಲ್ಲದು. ಆಗ ಅದನ್ನು ಕೇಳುವವರಾರು?