ವಿದ್ಯಾಶಾಲೆಯಲ್ಲಿ ಅಭಯ

 

ಮಠಗಳು ಅನ್ನದಾಸೋಹದೊಡನೆ ಜ್ಞಾನದಾಸೋಹವನ್ನೂ ನಡೆಯಿಸುತ್ತ ಬಂದಿರುವುದು ಕನ್ನಡ ನಾಡಿಗೆಲ್ಲ ವಿದಿತವಾದ ಸಂಗತಿ. ಆದರೆ ಆಶ್ರಯವನ್ನರಸಿ ಬಂದ ಮಗುವಿಗೆ ಪ್ರಸಾದವೂ ಅಕ್ಷರವೂ ದೊರೆತರೆ ಸಾಲದು, ಅಭಯವೂ ದೊರೆಯಬೇಕು. ಭಯಪಟ್ಟು ಕುಳಿತ ಮಗುವಿನ ಕಿವಿಗೆ ಪಾಠವು ಬಿದ್ದರೂ ಮನಸ್ಸಿಗೆ ಇಳಿಯದು. ಆದುದರಿಂದ ಶಾಲೆಯಲ್ಲಿ ಹಿಂಸೆಯನ್ನು ತಡೆಯುವ ಬಗೆ ಯಾವುದೆಂಬುದು ಈ ಮಹೋತ್ಸವದಲ್ಲಿ ವಿಚಾರಾರ್ಹವಾಗಿದೆ.

ರಕ್ಷಣೆಯೆಂದೊಡನೆ ಎತ್ತರವಾದ ಗೋಡೆ, ಬೀಗ, ಕಾವಲುಗಾರ ಇವೇ ನೆನಪಿಗೆ ಬರುವುವು. ಇವು ಬೇಡವೆಂದಲ್ಲ, ಇಷ್ಟರಿಂದಲೇ ಆಗದು. 1999ನೆಯ ಇಸವಿಯಲ್ಲಿ ಅಮೆರಿಕದ ಕೊಲೊರಾಡೊ ಸಂಸ್ಥಾನದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಹಾರಿಸಿದ ಗುಂಡಿಗೆ ಆ ದಿನವೇ 12 ಮಂದಿ ವಿದ್ಯಾರ್ಥಿಗಳೂ ಒಬ್ಬ ಉಪಾಧ್ಯಾಯರೂ ಬಲಿಯಾದರು. ಅನಂತರ ಅಲ್ಲಿಯ ಸೀಕ್ರೆಟ್ ಸರ್ವಿಸ್ ಎಂಬ ರಕ್ಷಣಾ ಇಲಾಖೆಯೂ ವಿದ್ಯಾ ಇಲಾಖೆಯೂ ಕೂಡಿ, 1974ರಿಂದ 2000ದ ವರೆಗಿನ ಇಂತಹ 37 ಪ್ರಕರಣಗಳನ್ನು ಪರಿಶೀಲಿಸಿ 2002ರಲ್ಲಿ ವರದಿಯನ್ನು ಪ್ರಕಟಿಸಿದುವು. ನೂರಕ್ಕೆ 81 ಪ್ರಕರಣಗಳಲ್ಲಿ ಅನರ್ಥಕ್ಕೆ ಮೊದಲೇ ಒಬ್ಬರಿಗಾದರೂ ಅದರ ಸುಳಿವು ತಿಳಿದಿತ್ತು. ಹಾಗೆ ತಿಳಿದವರು ಬಹುಮಟ್ಟಿಗೆ ಒಡನಾಡಿ ಹುಡುಗರೇ. ಆಯುಧ ಹಿಡಿದವರಲ್ಲಿಯೂ ಹೆಚ್ಚಿನವರು ತಾವೇ ಇತರರಿಂದ ಪೀಡಿತರಾಗಿದ್ದೆವೆಂದು ಎಣಿಸಿದವರು. ತಿಳಿದ ಹುಡುಗನು ಹಿರಿಯರ ಬಳಿಗೆ ಬಂದು ಹೇಳುವನೋ ಇಲ್ಲವೋ ಎಂಬುದು ಶಾಲೆಯ ವಾತಾವರಣವನ್ನೂ ಅನುಸರಿಸಿರುವುದೆಂದು 2008ರ ಇನ್ನೊಂದು ಪರಿಶೀಲನೆಯಲ್ಲಿ ಕಂಡುಬಂದಿತು.

ಗುಂಡಿನ ಭಯವು ಇಲ್ಲಿಯ ಶಾಲೆಗಳಲ್ಲಿ ವಿರಳ. ಬೆತ್ತ, ಬೈಗುಳು, ಹಿರಿಯ ಹುಡುಗರ ಕಾಟ, ರಾತ್ರಿಯ ವೇಳೆ ನಿಲಯದಲ್ಲಿ ಯಾರೂ ಕಾಣದ ಮೂಲೆ ಇವು ವಿರಳವಲ್ಲ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯ 17ನೆಯ ಕಲಮು ದೇಹದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿರುವುದು. ಮಕ್ಕಳ ಮೇಲಣ ಲೈಂಗಿಕ ಅಪರಾಧವನ್ನು ತಿಳಿದೂ ಪೊಲೀಸರಿಗೆ ತಿಳಿಸದಿರುವುದೇ 2012ರ ಪೋಕ್ಸೊ ಕಾಯಿದೆಯಂತೆ ದಂಡನಾರ್ಹವು. ಸಂಸ್ಥೆಯ ಹೆಸರಿಗೆ ಕುಂದು ಬಂದೀತೆಂದು ಮುಚ್ಚಿಡುವ ಹಿರಿಯರು ಹೆಸರನ್ನೂ ಉಳಿಸಲಾರರು, ಮಗುವನ್ನೂ ಉಳಿಸಲಾರರು.

ಕೈಗೊಳ್ಳಬೇಕಾದ ಕಾರ್ಯಗಳು ಕಷ್ಟವಾದುವಲ್ಲ. ಪ್ರತಿಯೊಂದು ಮಗುವಿಗೂ ತನ್ನ ಹೆಸರು ಹಿಡಿದು ಕರೆದು ಕ್ಷೇಮವನ್ನು ವಿಚಾರಿಸುವ ಒಬ್ಬ ಹಿರಿಯರಿರಬೇಕು. ಮೆಟ್ಟಿಲು, ಬಚ್ಚಲು, ಆಟದ ಬಯಲುಗಳಲ್ಲಿ ಮೇಲ್ವಿಚಾರಣೆಯಿರಬೇಕು. ಸಂಕಟದ ವೇಳೆಯಲ್ಲಿ ಪೊಲೀಸರನ್ನೂ ವೈದ್ಯರನ್ನೂ ಯಾರು ಕರೆಯುವುದು, ಮಕ್ಕಳು ಎಲ್ಲಿ ಸೇರುವುದು, ತಾಯಿತಂದೆಗಳಿಗೆ ಯಾರು ತಿಳಿಸುವುದು ಎಂಬುದನ್ನು ಮೊದಲೇ ಗೊತ್ತುಪಡಿಸಿ ಅಭ್ಯಾಸ ಮಾಡಿಸಬೇಕು. ಮಕ್ಕಳ ಸಹಾಯವಾಣಿಯಾದ 1098ನ್ನು ಪ್ರತಿ ಮಗುವೂ ತಿಳಿದಿರಬೇಕು. ಎಲ್ಲಕ್ಕೂ ಮಿಗಿಲಾಗಿ, ಒಬ್ಬನನ್ನು ಶಿಕ್ಷೆಗೆ ಗುರಿಮಾಡಲು ಹೇಳುವುದು ಚಾಡಿ, ಒಬ್ಬನನ್ನು ಕಾಪಾಡಲು ಹೇಳುವುದು ಧರ್ಮ ಎಂಬ ಭೇದವನ್ನು ಕಲಿಸಬೇಕು, ಹೇಳಿದವನನ್ನು ಹಂಗಿಸಕೂಡದು.

ಹನ್ನೆರಡನೆಯ ಶತಮಾನದ ಶರಣರ ಗೋಷ್ಠಿಯಲ್ಲಿ ಯಾವ ಕಾಯಕದವರಾದರೂ ನಿರ್ಭಯವಾಗಿ ಮಾತನಾಡಿದರು, ಹಿರಿಯರು ಕಿವಿಗೊಟ್ಟರು. ಆ ಪರಂಪರೆಯ ಮನೆಯಲ್ಲಿ ಅತಿ ಚಿಕ್ಕವನ ಅಳಲು ಅತಿ ಹಿರಿಯರ ಕಿವಿಗೆ ತಲುಪುವಂತಾದರೆ, ಈ ಮಹೋತ್ಸವವು ಸಾರ್ಥಕವಾಗುವುದು.