ಕಂಪನಿಯ ಹೆಸರಿನ ಮಳಿಗೆ: ಹಣ ಕಟ್ಟುವ ಮುನ್ನ ಹಾಕಬೇಕಾದ ಲೆಕ್ಕ

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಬೇಸಾಯದ ಜೊತೆಗೆ ಇನ್ನೊಂದು ಆದಾಯವಿರಬೇಕೆಂಬ ಆಸೆ ಇಂದು ಅನೇಕ ರೈತ ಕುಟುಂಬಗಳಲ್ಲಿದೆ. ಓದಿದ ಮಗ ಊರಿನಲ್ಲಿಯೇ ಉಳಿಯಲಿ, ಹೋಬಳಿ ಕೇಂದ್ರದಲ್ಲಿ ಒಂದು ಮಳಿಗೆ ಹಾಕಿಕೊಳ್ಳಲಿ ಎಂದು ತಂದೆತಾಯಿ ಬಯಸುವುದು ಸಹಜ. ಹಾಲಿನ ಉತ್ಪನ್ನ, ಬೇಕರಿ ತಿನಿಸು, ಚಹಾ, ಪಶು ಆಹಾರ, ಬೀಜ, ಗೊಬ್ಬರ ಮುಂತಾದವುಗಳನ್ನು ಕಂಪನಿಯ ಹೆಸರಿನಲ್ಲಿಯೇ ಮಾರುವ ಮಳಿಗೆಗಳು ಸಣ್ಣ ಊರುಗಳಿಗೂ ಬಂದಿವೆ. ಇವುಗಳಿಂದ ಏಳಿಗೆ ಕಂಡವರಿದ್ದಾರೆ. ಜಮೀನು ಅಡವಿಟ್ಟು ಕಟ್ಟಿದ ಹಣ ಕಳೆದುಕೊಂಡವರೂ ಇದ್ದಾರೆ. ಬಿತ್ತುವ ಮೊದಲು ಮಣ್ಣು ಪರೀಕ್ಷೆ ಮಾಡಿಸುವ ರೈತನು ಇಲ್ಲಿಯೂ ಮೊದಲು ಪರೀಕ್ಷೆ ಮಾಡಿ, ನಂತರ ಹಣ ಹಾಕುವುದು ಲೇಸು.

ಫ್ರಾಂಚೈಸಿ ಎಂದರೇನು?

ಒಂದು ಕಂಪನಿಯ ಹೆಸರು, ಫಲಕ, ಸರಕು ಮತ್ತು ವ್ಯಾಪಾರದ ಕ್ರಮವನ್ನು ಕರಾರಿನ ಪ್ರಕಾರ ಬಳಸಿಕೊಂಡು, ಸ್ವಂತ ಬಂಡವಾಳದಿಂದ ಮಳಿಗೆ ನಡೆಸುವ ಪದ್ಧತಿಗೆ ಫ್ರಾಂಚೈಸಿ ಎನ್ನುತ್ತಾರೆ. ಹೆಸರು ಕಂಪನಿಯದು, ನಷ್ಟ ಮಾತ್ರ ಮಳಿಗೆಯವನದು ಎಂಬುದನ್ನು ಮೊದಲೇ ತಿಳಿದಿರಬೇಕು.

ಹಣ ಸಾಮಾನ್ಯವಾಗಿ ನಾಲ್ಕು ದಾರಿಯಲ್ಲಿ ಹೋಗುತ್ತದೆ. ಮೊದಲನೆಯದು ಪ್ರವೇಶ ಶುಲ್ಕ. ಇದು ಹಿಂತಿರುಗುವುದಿಲ್ಲ, ಇದರ ಮೇಲೆ ಶೇಕಡ 18ರಷ್ಟು ಜಿಎಸ್‌ಟಿಯೂ ಬೀಳುತ್ತದೆ. ಎರಡನೆಯದು ಠೇವಣಿ, ಇದು ಯಾವಾಗ, ಯಾವ ಷರತ್ತಿನ ಮೇಲೆ ಹಿಂತಿರುಗುತ್ತದೆ ಎಂಬುದು ಬರವಣಿಗೆಯಲ್ಲಿರಬೇಕು. ಮೂರನೆಯದು ಫ್ರಿಜ್, ಕಪಾಟು, ಫಲಕ ಇತ್ಯಾದಿ. ನಾಲ್ಕನೆಯದು ರಾಯಲ್ಟಿ, ಅಂದರೆ ಮಾರಾಟದಲ್ಲಿ ಪ್ರತಿ ತಿಂಗಳೂ ಕಂಪನಿಗೆ ಸಲ್ಲಬೇಕಾದ ಪಾಲು. ಕೆಲವು ಕಂಪನಿಗಳು ರಾಯಲ್ಟಿ ಕೇಳದೆ, ಸರಕಿನ ದರದಲ್ಲಿಯೇ ತಮ್ಮ ಲಾಭ ಇಟ್ಟುಕೊಳ್ಳುತ್ತವೆ.

ಒಂದು ಲೆಕ್ಕ

ಕಂಪನಿಯವರು ಲಾಭದ ಲೆಕ್ಕ ತೋರಿಸುತ್ತಾರೆ. ರೈತನು ಖರ್ಚಿನ ಲೆಕ್ಕದಿಂದ ಆರಂಭಿಸಬೇಕು. ಉದಾಹರಣೆಗೆ, ಒಂದು ಮಳಿಗೆಯ ತಿಂಗಳ ಖರ್ಚು ಹೀಗಿರಬಹುದು: ಬಾಡಿಗೆ 6,000 ರೂ., ವಿದ್ಯುತ್ 3,500 ರೂ., ಒಬ್ಬ ಆಳಿನ ಸಂಬಳ 12,000 ರೂ., ಕೆಟ್ಟುಹೋದ ಸರಕು ಮತ್ತು ಚಿಲ್ಲರೆ ಖರ್ಚು 2,500 ರೂ., 4 ಲಕ್ಷ ರೂಪಾಯಿ ಸಾಲಕ್ಕೆ ವರ್ಷಕ್ಕೆ ಶೇಕಡ 12ರಂತೆ ಬಡ್ಡಿ 4,000 ರೂ. ಒಟ್ಟು 28,000 ರೂ. ಬೆಳಗಿನಿಂದ ರಾತ್ರಿಯವರೆಗೆ ಮಳಿಗೆಯಲ್ಲಿ ಕೂರುವ ಮಗನ ದುಡಿಮೆಗೆ 15,000 ರೂ. ಸೇರಿಸಿದರೆ 43,000 ರೂ. ಆಯಿತು. ಅಸಲಿನ ಕಂತು ಇದರಲ್ಲಿ ಸೇರಿಲ್ಲ.

100 ರೂಪಾಯಿ ಮಾರಾಟಕ್ಕೆ 8 ರೂ. ಉಳಿಯುವುದಾದರೆ, ಈ ಖರ್ಚು ಸರಿದೂಗಲು ತಿಂಗಳಿಗೆ 5,37,500 ರೂ., ಅಂದರೆ ದಿನಕ್ಕೆ ಸುಮಾರು 17,900 ರೂಪಾಯಿ ವ್ಯಾಪಾರವಾಗಬೇಕು. ಆ 8ರಲ್ಲಿ 2 ರೂ. ರಾಯಲ್ಟಿಗೆ ಹೋದರೆ, ದಿನಕ್ಕೆ ಸುಮಾರು 23,900 ರೂಪಾಯಿ ವ್ಯಾಪಾರ ಬೇಕು. ನೂರಕ್ಕೆ ಎರಡು ಎಂದರೆ ಅಲ್ಪವೆನಿಸುತ್ತದೆ. ಆದರೆ ಅದಕ್ಕಾಗಿ ದಿನವೂ 6,000 ರೂಪಾಯಿಯ ಸರಕು ಹೆಚ್ಚಾಗಿ ಮಾರಬೇಕಾಗುತ್ತದೆ. ಆ ಊರಿನಲ್ಲಿ ಅಷ್ಟು ಗಿರಾಕಿಗಳಿದ್ದಾರೆಯೇ? ಅಂತಹುದೇ ಮಳಿಗೆಯ ಮುಂದೆ ಒಂದು ಸಂತೆಯ ದಿನ, ಒಂದು ಸಾದಾ ದಿನ ಕುಳಿತು ಎಣಿಸಿದರೆ ಉತ್ತರ ಸಿಗುತ್ತದೆ.

ನಡೆಸುತ್ತಿರುವವರನ್ನು ವಿಚಾರಿಸುವುದು

ಅಮೆರಿಕದಲ್ಲಿ 1979ರಿಂದ ಇದಕ್ಕೆಂದೇ ಒಂದು ನಿಯಮವಿದೆ. ಅದರಂತೆ ಈಗ ಕಂಪನಿಯು ಸಹಿಗೆ ಕನಿಷ್ಠ 14 ದಿನ ಮೊದಲು ಪೂರ್ಣ ವಿವರಗಳ ಪುಸ್ತಕ ಕೊಡಬೇಕು. ಮಳಿಗೆ ನಡೆಸುತ್ತಿರುವವರ ಮತ್ತು ಹಿಂದಿನ ವರ್ಷ ಬಿಟ್ಟುಹೋದವರ ಹೆಸರು, ದೂರವಾಣಿ ಸಂಖ್ಯೆ ಅದರಲ್ಲಿರಬೇಕು. ನಮ್ಮ ದೇಶದಲ್ಲಿ ಫ್ರಾಂಚೈಸಿಗೆ ಪ್ರತ್ಯೇಕ ಕಾನೂನಿಲ್ಲ. 1872ರ ಕರಾರು ಕಾಯಿದೆಯೇ ಮುಖ್ಯ ಆಧಾರ. ಆದುದರಿಂದ ಆ ಪಟ್ಟಿಯನ್ನು ರೈತನೇ ಕೇಳಿ ಪಡೆಯಬೇಕು. ಕೊಡಲು ಹಿಂಜರಿಯುವ ಕಂಪನಿಯಿಂದ ದೂರವಿರುವುದು ಕ್ಷೇಮ.

ಪಟ್ಟಿಯಲ್ಲಿರುವ ಕನಿಷ್ಠ ನಾಲ್ಕೈದು ಮಂದಿಯನ್ನು ಖುದ್ದಾಗಿ ಕಾಣಬೇಕು. ಸರಕು ಸಕಾಲಕ್ಕೆ ಬರುತ್ತದೆಯೇ, ಮಾರಾಟವಾಗದ ಸರಕನ್ನು ಕಂಪನಿ ಹಿಂದಕ್ಕೆ ಪಡೆಯುತ್ತದೆಯೇ, ಹಾಕಿದ ಹಣ ಎಷ್ಟು ವರ್ಷಕ್ಕೆ ಕೈಸೇರಿತು ಎಂದು ಕೇಳಬೇಕು. ಮುಚ್ಚಿದವರ ಮಾತು ನಡೆಸುತ್ತಿರುವವರ ಮಾತಿಗಿಂತ ಹೆಚ್ಚು ಪಾಠ ಕಲಿಸುತ್ತದೆ.

ಕರಾರು ಪತ್ರದಲ್ಲಿ ನೋಡತಕ್ಕ ಅಂಶಗಳು

1. ಕರಾರಿನ ಅವಧಿ ಎಷ್ಟು, ನವೀಕರಣಕ್ಕೆ ಮತ್ತೆ ಶುಲ್ಕ ಉಂಟೆ?
2. ಎಷ್ಟು ದೂರದೊಳಗೆ ಕಂಪನಿ ಇನ್ನೊಂದು ಮಳಿಗೆ ಕೊಡುವುದಿಲ್ಲ?
3. ತಿಂಗಳಿಗೆ ಇಂತಿಷ್ಟು ಸರಕು ಕೊಳ್ಳಲೇಬೇಕೆಂಬ ಕಡ್ಡಾಯವಿದೆಯೇ?
4. ನಡುವೆ ಬಿಟ್ಟರೆ ದಂಡವೆಷ್ಟು, ಮಳಿಗೆಯನ್ನು ಬೇರೆಯವರಿಗೆ ಮಾರಬಹುದೇ?
5. ವ್ಯಾಜ್ಯ ಬಂದರೆ ಯಾವ ಊರಿನ ನ್ಯಾಯಾಲಯ? ದೆಹಲಿ ಎಂದಿದ್ದರೆ ಅಲ್ಲಿಗೆ ಓಡಾಡುವ ಖರ್ಚನ್ನೂ ಯೋಚಿಸಬೇಕು.

ಬಾಯಿಮಾತಿನ ಭರವಸೆ ಕರಾರಿನಲ್ಲಿ ಇಲ್ಲದಿದ್ದರೆ ಅದನ್ನು ನಂಬಿ ಹಣ ಕಟ್ಟಬಾರದು. ಸಹಿಗೆ ಮುನ್ನ ವಕೀಲರಿಗೆ ಒಮ್ಮೆ ತೋರಿಸುವ ಖರ್ಚು ದಂಡವಲ್ಲ.

ಪರವಾನಗಿಗಳು

ತಿನಿಸು, ಹಾಲಿನ ಮಳಿಗೆಗೆ 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಅಥವಾ ಪರವಾನಗಿ ಬೇಕು. ಬೀಜ, ಗೊಬ್ಬರ, ಕೀಟನಾಶಕಗಳಿಗೆ ಬೇರೆ ಬೇರೆ ಅನುಮತಿ ಪಡೆಯಬೇಕು. ಕೀಟನಾಶಕ ಮಾರಲು ನಿಗದಿತ ವಿದ್ಯಾರ್ಹತೆಯೂ ಅಗತ್ಯ. ಕಂಪನಿಯ ಹೆಸರಿದೆಯೆಂದು ಇವು ತಪ್ಪುವುದಿಲ್ಲ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಆರಂಭಿಸಿದ ಒಂದು ವರ್ಷದ ‘ದೇಸಿ’ ಡಿಪ್ಲೊಮಾ ಕೃಷಿ ಪರಿಕರ ಮಾರಾಟಗಾರರಿಗೆಂದೇ ಇದೆ.

ಮೋಸದ ಗುರುತು

2012ರಲ್ಲಿ ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿ ಎಮು ಹಕ್ಕಿ ಸಾಕಣೆಯ ವ್ಯವಹಾರ ಕುಸಿದು ಅಸಂಖ್ಯ ಹೂಡಿಕೆದಾರರು ಹಣ ಕಳೆದುಕೊಂಡರು. ಪ್ರತಿ ತಿಂಗಳೂ ನಿಶ್ಚಿತ ಹಣ ಕೊಡುತ್ತೇವೆ, ಹಕ್ಕಿಯನ್ನು ನಾವೇ ಕೊಳ್ಳುತ್ತೇವೆ ಎಂಬ ಮಾತಿಗೆ ಜನ ಮರುಳಾಗಿದ್ದರು. ಆದರೆ ಆ ಮಾಂಸಕ್ಕೆ ಮಾರುಕಟ್ಟೆಯೇ ಇರಲಿಲ್ಲ. ನಿಶ್ಚಿತ ಲಾಭದ ಭರವಸೆ, ಇಂದೇ ಹಣ ಕಟ್ಟಬೇಕೆಂಬ ಅವಸರ, ಬೇರೆಯವರನ್ನು ಸೇರಿಸಿದರೆ ಕಮಿಷನ್ ಎಂಬ ಆಮಿಷ, ಈ ಮೂರರಲ್ಲಿ ಒಂದು ಕಂಡರೂ ಎಚ್ಚರವಹಿಸಬೇಕು. ಹೆಸರಾಂತ ಡೇರಿ ಕಂಪನಿಗಳ ಹೆಸರಿನಲ್ಲಿಯೇ ನಕಲಿ ಜಾಲತಾಣ ತೆರೆದು ಶುಲ್ಕ ವಸೂಲಿ ಮಾಡುವ ವಂಚಕರೂ ಇದ್ದಾರೆ. ಕಂಪನಿಯ ಕಚೇರಿಗೆ ಖುದ್ದಾಗಿ ಹೋಗಿ ಖಚಿತಪಡಿಸಿಕೊಳ್ಳದೆ ಹಣ ರವಾನಿಸಬಾರದು. ಮೋಸ ಹೋದಲ್ಲಿ ತಡಮಾಡದೆ 1930 ಸಂಖ್ಯೆಗೆ ದೂರು ಕೊಡಬೇಕು.

ಕೊನೆಯದಾಗಿ

ಉಳಿತಾಯದ ಹಣದಲ್ಲಿ, ಮನೆಯವರ ದುಡಿಮೆಯಲ್ಲಿ, ಊರವರಿಗೆ ನಿತ್ಯವೂ ಬೇಕಾದ ಸರಕಿನಿಂದ ಚಿಕ್ಕದಾಗಿ ಆರಂಭಿಸುವುದು ಉತ್ತಮ. ಇರುವ ಎರಡೆಕರೆಯನ್ನು ಅಡವಿಟ್ಟು ಆರಂಭಿಸುವುದು ಸರ್ವಥಾ ಸಲ್ಲದು. ಮಳಿಗೆ ಮುಚ್ಚಿದ ದಿನ ಹೆಸರು ಕಂಪನಿಗೆ ಹಿಂತಿರುಗುತ್ತದೆ. ಸಾಲ ಮಾತ್ರ ರೈತನ ಮನೆಯಲ್ಲಿಯೇ ಉಳಿಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ವ್ಯಾಪಾರಕ್ಕೂ ಅನ್ವಯಿಸುತ್ತದೆ.